ಅಡುಗೆಮನೆಗೆ ಎಳೆದ ಫೋನು

ಮಾವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾಟಕಮಂದಿರದ ದೀಪಗಳನ್ನು ನೋಡಿಕೊಂಡು ನಿವೃತ್ತರಾದವರು. ತಂತಿ, ಸ್ವಿಚ್ಚು ಅಂದರೆ ತಮ್ಮನ್ನು ಬಿಟ್ಟರಿಲ್ಲ ಎಂಬ ಧಿಮಾಕು ಬೇರೆ. ಅಂಥವರ ಮನೆಯಲ್ಲೇ ಸೊಸೆಯ ಮೋಡೆಮ್ ಆಮೆಯ ಹಾಗೆ ತೆವಳುತ್ತಿತ್ತು.

ಸೊಸೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಒಂದು ವಾರಪತ್ರಿಕೆಗೆ ಪುಟ ಜೋಡಿಸುತ್ತಿದ್ದಳು. ಸಿದ್ಧವಾದ ಪುಟಗಳು ಫೋನಿನ ಲೈನಿನಲ್ಲಿ ಪ್ರೆಸ್ಸಿಗೆ ಹೋಗಬೇಕು. ಮೋಡೆಮ್ ಕೀಚು ಕೀಚೆಂದು ಅರಚಿ ಹೇಗೋ ಸಂಪರ್ಕ ಹಿಡಿಯುತ್ತಿತ್ತು, ಅರ್ಧ ಪುಟ ಹೋಗುವಷ್ಟರಲ್ಲಿ ಕೈ ಕೊಡುತ್ತಿತ್ತು. ಪ್ರೆಸ್ಸಿನವರು ಗೊಣಗಿ ಗೊಣಗಿ ಸಾಕಾಗಿ, ಹೀಗೇ ಆದರೆ ಬೇರೆಯವರಿಗೆ ಕೊಡುತ್ತೇವೆ ಎಂದುಬಿಟ್ಟರು.

"ಪ್ರೆಸ್ ಹತ್ರಾನೇ ಕೆಲಸಕ್ಕೆ ಒಂದು ರೂಮ್ ನೋಡಿದ್ದೀನಿ ಮಾವ. ಬೆಳಿಗ್ಗೆ ಹೋದ್ರೆ ರಾತ್ರಿ ಬರ್ತೀನಿ," ಅಂದಳು ಸೊಸೆ.

ಹೆಂಡತಿ ತೀರಿಕೊಂಡ ಮೇಲೆ, ಮಗ ಕಾರ್ಖಾನೆಗೆ ಹೋದರೆ, ಹಗಲೆಲ್ಲ ಮಾವನ ಜೊತೆ ಜಗಳವಾಡಲು ಇದ್ದವಳು ಅವಳೊಬ್ಬಳೇ. ಪದಬಂಧ ಬಿಡಿಸುವಾಗ ತಪ್ಪು ಉತ್ತರ ಹೇಳಿ ಅವರನ್ನು ಕೆಣಕುತ್ತಿದ್ದವಳೂ ಅವಳೇ. ಅವಳಿಲ್ಲದ ಮಧ್ಯಾಹ್ನಗಳನ್ನು ನೆನೆದು ಅವರಿಗೆ ಸಂಕಟವಾಯಿತು. ಸಂಕಟವನ್ನು ಕೋಪ ಮಾಡಿಕೊಂಡು, ಮೋಡೆಮ್ಮಿನ ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಅದನ್ನು ಕೊಂಡಿದ್ದ ಅಂಗಡಿಗೆ ನುಗ್ಗಿದರು.

"ಡಬ್ಬಿ ಮೇಲೆ ವೇಗ ಐವತ್ತಾರು ಅಂತ ಬರ್ಕೊಂಡಿದ್ದೀರಿ, ಅದರ ಅರ್ಧಾನೂ ಬರಲ್ಲ. ಯಾರ ಕಿವಿಗೆ ಹೂವಿಡ್ತೀರಿ?"

ಅಂಗಡಿಯಾಕೆಗೆ ಇದು ದಿನದ ಗೋಳು. "ಕೂತ್ಕೊಳ್ಳಿ ಯಜಮಾನ್ರೇ. ಅದು ಲೈನು ಚೊಕ್ಕವಾಗಿದ್ರೆ ಸಿಗೋ ವೇಗ, ಅದೂ ಆ ಕಡೆಯಿಂದ ಬರೋದಕ್ಕೆ. ನಾವು ಕಳಿಸೋದು ಯಾವಾಗ್ಲೂ ಇನ್ನೂ ನಿಧಾನ. ಫೋನ್ ಲೈನ್ ಮಾಡಿದ್ದು ಮಾತಾಡೋಕೆ. ಅದರಲ್ಲಿ ಗೊರಗೊರ ಇದ್ರೆ, ಕಳಿಸಿದ್ದು ತಪ್ಪಬಾರದು ಅಂತ ಮೋಡೆಮ್ ತಾನೇ ವೇಗ ತಗ್ಗಿಸುತ್ತೆ. ಮನೇಲಿ ಅದೇ ಲೈನಿಗೆ ಇನ್ನೊಂದು ಫೋನ್ ಏನಾದ್ರೂ ಹಾಕಿದ್ದೀರಾ?"

"ಅಡುಗೆಮನೇಲಿ ಒಂದಿದೆ."

"ಯಾರು ಎಳೆದಿದ್ದು ತಂತಿ? ಜೋಡಣೆ ಸರಿ ಇಲ್ದಿದ್ರೆ ಗೊರಗೊರ ಅಲ್ಲಿಂದಲೇ ಬರುತ್ತೆ."

"ಯಾವನೋ ಒಬ್ಬ," ಅಂದ ಮಾವ ಡಬ್ಬಿ ಎತ್ತಿಕೊಂಡು ಮೆತ್ತಗೆ ಹೊರಬಿದ್ದರು.

ಫೋನು ಬಡಿದಾಗಲೆಲ್ಲ ಸೊಸೆ ಒಲೆ ಬಿಟ್ಟು ನಡುಮನೆಗೆ ಓಡುವುದನ್ನು ನೋಡಲಾರದೆ, ಆ ಫೋನನ್ನು ಅವರೇ ಹಾಕಿದ್ದರು. ಕರೆಗಂಟೆಗೆ ತಂದು ಉಳಿದಿದ್ದ ತಂತಿ. ನಡುವೆ ಸಾಲದೆ ಬಂದಾಗ ಇನ್ನೊಂದು ತುಂಡು ಹೊಸೆದು, ಟೇಪು ಸುತ್ತಿ, ಸಿಂಕಿನ ಹಿಂದೆ ತೂರಿಸಿದ್ದರು. ಈಗ ಬಗ್ಗಿ ನೋಡಿದರೆ ಟೇಪು ಒದ್ದೆಯಾಗಿ ಜೋತುಬಿದ್ದಿತ್ತು, ತಾಮ್ರ ಹಸಿರುಗಟ್ಟಿತ್ತು. ಅವರಿಗೆ ನಾಚಿಕೆಯಾಯಿತು. ಗೋಡೆಗುಂಟ ಬಂದಿದ್ದ ತಂತಿಯನ್ನೆಲ್ಲ ಸರಸರ ಕಿತ್ತರು.

ಪೇಟೆಯಿಂದ ಬಂದ ಸೊಸೆ ಬಾಗಿಲಲ್ಲೇ ನಿಂತಳು. "ಇದೇನು ಮಾವ?"

"ನನ್ನ ಘನಂದಾರಿ ಕೆಲಸ. ನಿನ್ನ ಮೋಡೆಮ್ಮಿಗೆ ಅಡ್ಡಗಾಲು ಹಾಕಿದ್ದು ನಾನೇ ಕಣಮ್ಮ. ಈಗ ಕಳಿಸಿ ನೋಡು."

ಮೋಡೆಮ್ ಅರಚಿ ಸುಮ್ಮನಾಯಿತು. ಪರದೆಯ ಮೇಲೆ ಬಂದ ಅಂಕಿ ಡಬ್ಬಿಯ ಮೇಲಿನದಲ್ಲ, ಆದರೆ ನಿನ್ನೆಯದಕ್ಕಿಂತ ಎಷ್ಟೋ ವಾಸಿ. ಒಂದು ಪುಟ ಹೋಯಿತು, ಹಿಂದೆಯೇ ಇನ್ನೊಂದು, ಎಲ್ಲೂ ಕಡಿಯಲಿಲ್ಲ. ಮಾವನಿಗೆ ಹೋದ ಜೀವ ಬಂದಂತಾಯಿತು. ಸೊಸೆಯ ಮುಖ ನೋಡಿದರು. ಅಲ್ಲಿ ಖುಷಿಯಿತ್ತು, ಆಶ್ಚರ್ಯ ಮಾತ್ರ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಹೋದ ವಾರ ನೀವು ವಾಕಿಂಗ್ ಹೋಗಿದ್ದಾಗ ಆ ತಂತಿ ಕಳಚಿ ನೋಡಿದ್ದೆ, ಪುಟ ಸರಾಗ ಹೋಯ್ತು," ಅಂದಳು ತಲೆ ತಗ್ಗಿಸಿ. "ಮತ್ತೆ ಹಾಗೇ ಸಿಕ್ಕಿಸಿಟ್ಟೆ."

"ಹೇಳೋಕೇನು ಧಾಡಿ?"

"ಆ ಮಂಡಿನೋವಲ್ಲೂ ಸ್ಟೂಲ್ ಹತ್ತಿ ನನಗೋಸ್ಕರ ಹಾಕಿದ್ದು ನೀವು. ಕಿತ್ತುಹಾಕಿ ಅಂತ ಯಾವ ಬಾಯಲ್ಲಿ ಹೇಳ್ಲಿ ಮಾವ?"

"ಅದಕ್ಕೆ ರೂಮ್ ಮಾಡ್ಕೊಂಡು ಹೋಗ್ತಿದ್ಯಾ? ಹುಚ್ಚು ಹುಡುಗಿ!" ಮಾವ ಗದರಿದರು. ಗದರುತ್ತಲೇ ಕಣ್ಣೊರೆಸಿಕೊಂಡರು. "ಫೋನ್ ಮಾಡು. ರೂಮಿನ ಯಜಮಾನರಿಗೆ ಬೇಡ ಅಂತ ಈಗಲೇ ಹೇಳು."

ಕೊನೆಯ ಪುಟ ಹೋದ ಮೇಲೆ ಅವಳು ನಡುಮನೆಗೆ ಹೋಗಿ ಫೋನೆತ್ತಿದಳು. "ಬೇಡ" ಎಂಬ ಮಾತು ಅವಳ ಬಾಯಿಂದ ಬರುವವರೆಗೂ ಮಾವ ಪಕ್ಕದಿಂದ ಕದಲಲಿಲ್ಲ.