ಐದು ಜನಕ್ಕೊಬ್ಬ ನರ್ಸು

ಲೈಸೆನ್ಸಿನ ತಪಾಸಣೆಗೆ ಎರಡು ದಿನವಿದೆ ಎನ್ನುವಾಗ ಇದ್ದ ಇಬ್ಬರು ನರ್ಸುಗಳಲ್ಲಿ ಒಬ್ಬಳು ದುಬೈಗೆ ಹಾರಿದಳು. ತಲೆಗೆ ಪೆಟ್ಟು ಬಿದ್ದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಗೂ ಇನ್ನು ಲೈಸೆನ್ಸು ಬೇಕು, ಐದು ಜನಕ್ಕೊಬ್ಬ ಪಾಸಾದ ನರ್ಸು ಅಲ್ಲೇ ವಾಸವಿರಬೇಕು ಎಂದು ಕಾಗದ ಬಂದಿತ್ತು. ಯಾದವಗಿರಿಯ ಪಾರ್ವತಮ್ಮನ ಬಂಗಲೆಯಲ್ಲಿ ಅಂಥ ಒಂಬತ್ತು ಜನ. ಅವರಲ್ಲಿ ಬಸ್ ಕಂಡಕ್ಟರಾಗಿದ್ದ ಅಶ್ವತ್ಥನಿಗೆ ಹೋಗುತ್ತೇನೆಂದರೂ ಮನೆಯಿಲ್ಲ.

ಪಾರ್ವತಮ್ಮ ಅಡುಗೆಯ ಸುಮಾಳಿಗೆ ಬಿಳಿ ಯೂನಿಫಾರ್ಮ್ ತೊಡಿಸಿದಳು.

"ಅಮ್ಮಾ, ನಂಗೆ ಬೀಪಿ ನೋಡೋಕೂ ಬರಲ್ಲ."

"ಸಾರಿಗೆ ಉಪ್ಪು ನೋಡೋ ಹಂಗೆ ಮುಖ ಮಾಡ್ಕೊಂಡು ನಿಂತ್ಕೊ, ಸಾಕು ಕಣೇ. ಬಾಯಿ ಮಾತ್ರ ಬಿಡಬೇಡ."

ಆ ಮನೆಗೆ ಪಾರ್ವತಮ್ಮ ತಾನೇ ಮಾಡಿದ್ದ ಕಟ್ಟಳೆಯೊಂದಿತ್ತು. ನಿನ್ನೆ ಕಂಡ ಮುಖ ಇವತ್ತು ನೆನಪಿರದ ಜನ. ಯಾರೆಂದು ತಿಳಿಯದೆ ಬೆದರುತ್ತಾರೆ. ಹಾಗಾಗಿ ಎದುರಿಗೆ ಹೋದವರು ಮೊದಲು ಹೆಸರು, ಕೆಲಸ ಹೇಳಬೇಕು. ಹೇಳಲು ಮರೆತವರನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಬರಹೇಳುತ್ತಿದ್ದಳು.

ತಪಾಸಣೆಗೆ ಬಂದ ಡಾಕ್ಟರ್ ಮಹದೇವಪ್ರಸಾದ್ ಮಂಚಗಳ ನಡುವಿನ ಜಾಗ ಅಳೆದರು. ಬಚ್ಚಲಿನ ಹಿಡಿಕಂಬಿ ಜಗ್ಗಿ ನೋಡಿದರು.

"ಎರಡನೇ ನರ್ಸು?"

"ಇವಳೇ ಸಾರ್."

ಬಿಳಿ ಬಟ್ಟೆ ಕಂಡು ಅಶ್ವತ್ಥ ಗೋಡೆಗೆ ಒತ್ತಿಕೊಂಡ. "ಯಾರ್ರೀ ನೀವು? ಸೂಜಿ ಚುಚ್ತೀರಾ?"

ನಾಲ್ಕು ವರ್ಷದ ರೂಢಿ, ಸುಮಾಳ ಬಾಯಿ ತಾನಾಗೇ ತೆರೆಯಿತು. "ನಾನು ಸುಮಾ, ಅಡುಗೆಯವಳು. ಉಪ್ಪಿಟ್ಟು ಮಾಡಿದೀನಿ."

"ಚಟ್ನಿ ಇಲ್ವಾ?" ಎಂದು ಅವನು ನಿರಾಳವಾದ.

ಡಾಕ್ಟರ ಪೆನ್ನು ನಿಂತಿತು. 'ತಮಾಷೆ ಮಾಡ್ತಾಳೆ ಸಾರ್' ಎಂದು ಪಾರ್ವತಮ್ಮ ಹೇಳಿಬಿಡಬಹುದಿತ್ತು. ಆದರೆ ಅಶ್ವತ್ಥ ಸುಮಾಳನ್ನೇ ನೋಡುತ್ತಿದ್ದ. ಅವನಿಗೆ ಹಿಡಿದುಕೊಳ್ಳಲು ಇದ್ದದ್ದು ಅವಳ ಆ ಒಂದು ಮಾತು.

"ಅಡುಗೆಯವಳೇ ಸಾರ್. ಯೂನಿಫಾರ್ಮ್ ಹಾಕಿಸಿದ್ದು ನಾನು."

"ಇಬ್ಬರಿಗೆ ಒಟ್ಟಿಗೆ ಫಿಟ್ಸ್ ಬಂದ್ರೆ ಈಕೆ ಏನಮ್ಮ ಮಾಡ್ತಾಳೆ?"

ಎರಡು ದಿನದಿಂದ ಪಾರ್ವತಮ್ಮನನ್ನು ಕೊರೆಯುತ್ತಿದ್ದದ್ದೂ ಅದೇ.

"ಈ ಮನೆ ಮುಚ್ಚಿಸ್ಬೇಕಿತ್ತು," ಎಂದರು ಡಾಕ್ಟರು. "ನಿಜ ಹೇಳಿದ್ರಿ ಅಂತ ಬಿಡ್ತಿದೀನಿ. ಒಬ್ಬಳು ನರ್ಸು, ಐದೇ ಜನ. ಇನ್ನೊಬ್ಬಳು ಸೇರೋವರೆಗೂ ಉಳಿದ ನಾಲ್ವರು ಇರೋ ಹಂಗಿಲ್ಲ, ಇವತ್ತೇ ಹೋಗ್ಬೇಕು. ಯಾರಿರ್ತಾರೆ, ಬರೆದುಕೊಡಿ."

ಮೊದಲು ಅಶ್ವತ್ಥನ ಹೆಸರು ಬರೆದಳು. ಐದನೆಯ ಹೆಸರಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಇಬ್ಬರಿಗೂ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಕೊನೆಗೆ, ಮನೆಯಲ್ಲಿ ಎತ್ತಿ ಕೂರಿಸುವವರಿದ್ದ ಹುಡುಗನನ್ನು ಪಟ್ಟಿಯಿಂದ ಬಿಟ್ಟಳು. ಅವನ ತಂದೆ ಮರಿಯಯ್ಯನಿಗೆ ಫೋನ್ ಮಾಡಿದಳು.

"ಸಂಜೆಗೇ ಕರ್ಕೊಂಡು ಹೋಗ್ಬೇಕಾ? ಏನು ತಪ್ಪು ಮಾಡಿದ್ನಮ್ಮ ಅವನು?"

"ಅವನಲ್ಲ ಕಣ್ರೀ. ನಾನು."