ಹೊಳೆಗೆ ಬಿಡದ ಅರಿವಿ

“ಲೇ ಕಲ್ಲಣ್ಣ, ಇದು ಚಿತ್ರ ಏನೋ, ನಿಮ್ಮವ್ವ ಬಣ್ಣದ ಹಂಡೆ ಒರಸಿ ಒಗದ ಅರಿವಿ ಏನೋ?”

ಏಕೀಕರಣ ಸಮಿತಿಯ ಯಜಮಾನ ಪುಂಡಲೀಕಪ್ಪ ಬಟ್ಟೆಯನ್ನು ಎತ್ತಿ ಹಿಡಿದು ಸುತ್ತಲೂ ತೋರಿಸಿದ. ಚಪ್ಪರದಡಿ ನೆರೆದಿದ್ದ ಬೆಟಗೇರಿಯ ನೇಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಓಣಿಯವರೇ ನಕ್ಕದ್ದು ಕಲ್ಲಣ್ಣನ ಮೈಗೆ ಬೆಂಕಿ ಹಚ್ಚಿತು.

“ನಾಳೆ ಕನ್ನಡ ನಾಡು ಒಂದಾಗ್ತೈತಿ. ನಾವು ಕೇಳಿದ್ದು ಭುವನೇಶ್ವರಿ ತಾಯಿನ್ನ. ಇದರಾಗ ಆಕಿ ಮಾರಿ ಎಲ್ಲೈತಿ?”

“ಮಾರಿ ಇಲ್ರಿ. ಬಣ್ಣ ಅಷ್ಟ. ಒಂದ ದಿನ ಹಂಗ ತೂಗುಹಾಕ್ರಿ.”

“ಮಂದಿ ನನಗ ಉಗುಳ್ತಾರ. ಸಂಜಿ ಒಳಗ ಮಾರಿ ಬರಿ. ಇಲ್ಲಂದ್ರ ಬ್ಯಾರೆಯವ್ರು ಬರೀತಾರ.”

ಕಲ್ಲಣ್ಣ ಚಿತ್ರ ಬರೆದದ್ದು ಅಪ್ಪ ಹೇಮಪ್ಪ ನೆಯ್ದ ಕೊನೆಯ ಬಟ್ಟೆಯ ಮೇಲೆ. ಸತ್ತವನ ಮಗ್ಗದ ಮೇಲೆ ಉಳಿದದ್ದನ್ನು ಕತ್ತರಿಸಿ ಹೊಳೆಗೆ ಬಿಡುವುದು ಅವರ ಮನೆತನದ ಪದ್ಧತಿ. ಮುಂಡರಗಿಯಾಚೆ ತುಂಗಭದ್ರೆಗೆ ಬಿಟ್ಟು ಬಂದೆನೆಂದು ಅವ್ವ ದ್ಯಾಮವ್ವನಿಗೆ ಸುಳ್ಳು ಹೇಳಿ ಕಲ್ಲಣ್ಣ ಅದನ್ನು ಅಟ್ಟದಲ್ಲಿ ಮುಚ್ಚಿಟ್ಟಿದ್ದ. ಊರವರ ಮಾನ ಮುಚ್ಚುವ ಸೀರೆ ನೆಯ್ದೂ ನೆಯ್ದೂ ಕುಣಿಮಗ್ಗದ ತಗ್ಗಿನಲ್ಲೇ ಕೂತು ಕೆಮ್ಮಿ ಸತ್ತವನನ್ನು ಈ ಊರು ಒಂದು ದಿನವಾದರೂ ಕತ್ತೆತ್ತಿ ನೋಡಲಿ ಎಂಬುದೇ ಅವನ ಹಟ. ಅಪ್ಪನ ಕೈ ಬಿಗಿಯಾಗಿದ್ದಲ್ಲೆಲ್ಲ ದಪ್ಪಗೆ ನೀಲಿ ತುಂಬಿದ್ದ. ಕೈ ಸೋತು ಎಳೆ ಸಡಿಲಾದ ಕೊನೆಯ ಗೇಣಿಗೆ ಕಪ್ಪು. ನಡುವೆ ಒಂದೇ ಕೆಂಪು ಗೆರೆ. ಮುಖ ಬೇಕಂತೆ ಮುಖ! ಬದುಕಿದ್ದಾಗ ಅಪ್ಪನ ಮುಖವನ್ನು ಯಾವನು ನೋಡಿದ್ದ?

ಸಿಟ್ಟಿನಲ್ಲಿ ಚಪ್ಪರದಲ್ಲೇ ಬಿಟ್ಟುಹೋಗಿದ್ದ ಬಟ್ಟೆಯನ್ನು ಸಂಜೆ ವಾಪಸು ಕೇಳಲೆಂದು ಹೋದರೆ ಅಲ್ಲಿ ಅವ್ವ ಕೂತಿದ್ದಳು. ಬೆಳಗಿನ ಸುದ್ದಿ ಕೇಳಿ, ಮಗನ ಮಾನ ಹೋಯಿತೆಂದು ಓಡಿ ಬಂದವಳು, ಹೊಸ ಬಣ್ಣ ಚೆನ್ನಾಗಿ ಹಿಡಿಯಲೆಂದು ಗಂಜಿಯಲ್ಲಿ ಸುಣ್ಣ ಕಲಸಿ ತಾನೇ ಬಟ್ಟೆಗೆ ಬಳಿದಿದ್ದಳು. ನೀಲಿ, ಕಪ್ಪು, ಕೆಂಪು ಎಲ್ಲ ಬಿಳಿಯಡಿ ಮುಳುಗಿಹೋಗಿದ್ದವು. ಅಂಗಡಿ ಬೋರ್ಡು ಬರೆಯುವ ಕಳಕಪ್ಪ ಆಗಲೇ ದೇವಿಯ ನತ್ತು ತಿದ್ದುತ್ತಿದ್ದ.

“ಬಾರೋ ಕಲ್ಲಣ್ಣ, ಸಿಟ್ಟು ಬಿಡು. ಯಜಮಾನರ ಕಾಲಿಗೆ ಬಿದ್ದು ಹೇಳೀನಿ. ಚಿತ್ರದ ಕೆಳಗ ನಿನ್ನ ಹೆಸರ ಹಾಕ್ತಾರಂತ.”

ಹಾಗೆನ್ನುತ್ತ ಅವ್ವ ಸುಕ್ಕು ತೀಡಲು ಬಟ್ಟೆಯ ಹಿಂಬದಿಗೆ ಅಂಗೈ ಆಡಿಸಿದಳು. ಎಳೆ ಸಡಿಲಾದ ಕೊನೆಯ ಗೇಣಿಗೆ ಬಂದ ಕೈ ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂದು ನಿಂತಿತು.

“ಇದನ್ನ... ಹೊಳಿಗೆ ಬಿಟ್ಟು ಬಂದೆ ಅಂದಿದ್ದೆಲ್ಲೋ?”

ಕಳಕಪ್ಪ ಕುಂಚ ಎತ್ತಿದ. “ಯಾಕಬೇ, ಏನಾತು?”

ಅವ್ವ ಸುಣ್ಣ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ಚೀರಿದಳು: “ಖರೆ ಹೇಳಲೇ! ಇದು ನಿಮ್ಮಪ್ಪ ನೆಯ್ದ ಅರಿವಿ ಏನೋ?”

ಕಲ್ಲಣ್ಣ ಅವ್ವನಿಗೆ ಬೆನ್ನು ಮಾಡಿ, ಚಪ್ಪರ ದಾಟಿ ಹೊರಗೆ ನಡೆದ.