ಹುಲ್ಲಿನ ಮೇಲೆ ಕೂರುವಂತಿಲ್ಲ

“ಏಯ್! ಏಳೇ ಮೇಲೆ! ಕಾಲು ಚಾಚ್ಕೊಂಡು ಕೂರಕ್ಕೆ ನಿಮ್ಮಪ್ಪ ಹಾಕಿದ್ ಹುಲ್ಲಾ ಇದು?”

ಹುಸೇನಮ್ಮ ತುತ್ತನ್ನು ಬಾಯಿಗಿಡದೆ ಒಂದು ಗಳಿಗೆ ಯೋಚಿಸಿದಳು. ಪ್ರಶ್ನೆ ನ್ಯಾಯವಾದದ್ದೇ. ಅವಳ ಅಪ್ಪ ಈ ಹುಲ್ಲು ಹಾಕಿರಲಿಲ್ಲ. ಅವನು ಸುರಪುರದ ಕಡೆ ಯಾರದೋ ಹೊಲದಲ್ಲಿ ಜೀತ ಮಾಡಿ, ಅಲ್ಲೇ ಸತ್ತು ಮಣ್ಣಾಗಿದ್ದ. ಹುಲ್ಲು ಹಾಕಿದವಳು ಅವಳೇ. ಮಳೆಗಾಲಕ್ಕೆ ಮುಂಚೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬುಡವನ್ನು ಬೆರಳಿನಿಂದ ಮಣ್ಣಿಗೆ ಊರುತ್ತ, ಈ ತುದಿಯಿಂದ ಆ ತುದಿಯವರೆಗೆ ಹಿಂದಹಿಂದಕ್ಕೆ ಸರಿದುಕೊಂಡು ಹೋಗಿದ್ದಳು. ಆಗ ಕೂತರೆ ಯಾರೂ ಏಳು ಅನ್ನುತ್ತಿರಲಿಲ್ಲ. ಎದ್ದರೆ ಬೈಯುತ್ತಿದ್ದರು.

“ನಮ್ಮಪ್ಪ ಅಲ್ರಿ ಮೇಡಮ್ಮಾರೆ, ನಾನೇ ಹಾಕೀನ್ರಿ,” ಅಂದಳು.

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಗಂಗಾ ಕಿಸಕ್ಕನೆ ನಕ್ಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇಬ್ಬರೂ ಪಾರಿಜಾತ ಲೇಔಟಿನ ಪಾರ್ಕಿನಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸಿ, ನೀರು ಬಿಟ್ಟು, ಹುಲ್ಲು ಸವರುವವರು. ದೊಮ್ಮಲೂರಿನ ಹಳೇ ಊರಿನ ವಠಾರದಲ್ಲಿ ಅಕ್ಕಪಕ್ಕದ ಬಾಡಿಗೆ ಕೋಣೆಯವರು. ಎದುರಿಗೆ ನಿಂತಿದ್ದವರು ಲೇಔಟಿನ ಸಂಘದ ಅಧ್ಯಕ್ಷೆ ರಾಜೇಶ್ವರಿ ಮೇಡಂ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನಾಯಿಯ ಹಗ್ಗ. ನಾಯಿ ಹುಲ್ಲಿನ ಮೇಲೆ ಆರಾಮಾಗಿ ಕೂತಿತ್ತು. ಅದಕ್ಕೆ ಯಾರೂ ಏಳು ಅನ್ನಲಿಲ್ಲ.

“ಎದುರು ಮಾತು ಬೇರೆ! ಬೋರ್ಡ್ ಓದಕ್ಕೆ ಬರಲ್ವಾ ನಿಂಗೆ?”

“ಬರಂಗಿಲ್ರಿ.”

ಬರುತ್ತಿತ್ತು. ಹುಸೇನಮ್ಮ ಕೂಡಿಸಿ ಕೂಡಿಸಿ ಓದಬಲ್ಲಳು. ತಗಡಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಹುಲ್ಲಿನ ಮೇಲೆ ಕೂರುವಂತಿಲ್ಲ, ಆಹಾರ ಸೇವಿಸುವಂತಿಲ್ಲ’ ಎಂದಿತ್ತು. ಅದರ ಕೆಳಗೆ ಸಣ್ಣದಾಗಿ ‘ಪ್ರಕೃತಿಯನ್ನು ಪ್ರೀತಿಸಿ’ ಎಂದಿತ್ತು. ಕೂರದೆ, ಉಣ್ಣದೆ ಹೇಗೆ ಪ್ರೀತಿಸುವುದೋ ಅವಳಿಗೆ ತಿಳಿಯದು. ಗಂಡ ಶಿವಪುತ್ರನನ್ನು ಕೇಳಿದ್ದಕ್ಕೆ, “ದೊಡ್ಡವ್ರು ಹಂಗೇ ಪ್ರೀತಿ ಮಾಡ್ತಾರ, ದೂರಿಂದ,” ಎಂದಿದ್ದ.

ಇಬ್ಬರೂ ರೊಟ್ಟಿಯ ಗಂಟು ಎತ್ತಿಕೊಂಡು ಗೇಟಿನಾಚೆ ಬಂದರು. ಫುಟ್‌ಪಾತಿನ ಮೇಲೆ, ಗುಂಯ್ ಅನ್ನುವ ಕರೆಂಟಿನ ಡಬ್ಬದ ಪಕ್ಕ, ಸೊಪ್ಪು ಮಾರುವ ವೆಂಕಟಮ್ಮ ಆಗಲೇ ಜಾಗ ಮಾಡಿಟ್ಟಿದ್ದಳು. ದೊಮ್ಮಲೂರಿನವಳೇ ಆದ ಮುದುಕಿ. ಬೆಳಗಿನ ಜಾವ ರಸೆಲ್ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದು ಮಧ್ಯಾಹ್ನದವರೆಗೆ ಇಲ್ಲಿ ಕೂರುತ್ತಾಳೆ.

“ಎಬ್ಬಿಸ್ಬುಟ್ಳಾ ಮಾರಾಯ್ತಿ? ಎಬ್ಬಿಸ್ತಾಳೆ ಬುಡು. ಇದು ನಮ್ಮೂರ್ ಗುಂಡುತೋಪು ಕಣಮ್ಮಿ. ನನ್ ಎಮ್ಮೆ ಇಲ್ಲೇ ಮೇಯ್ತಿದ್ದಿದ್ದು. ದಿಬ್ಬಣ ಬಂದ್ರೆ ಆ ಹೊಂಗೆ ಮರದಡೀಲೇ ಇಳ್ಕೊಳೋದು. ಆಮೇಲ್ ಬಂದ್ರು ನನ್ ಮಕ್ಳು, ಬೇಲಿ ಹಾಕುದ್ರು. ನೇಚರ್ ಉಳಿಸ್ತೀವಿ ಅಂದ್ರು. ಉಳ್ಸುದ್ರು, ನಮ್ಮುನ್ನೇ ಆಚೆಗ್ ಹಾಕಿ.”

ಒಂದು ಬಸ್ಸು ಹಾದು ಹೋಗಿ ಮೂವರ ಪಲ್ಯದ ಮೇಲೂ ಧೂಳು ಕೂರಿಸಿತು. ಧೂಳಿಗೆ ಮಾತ್ರ ಎಲ್ಲಿ ಬೇಕಾದರೂ ಕೂರುವ ಹಕ್ಕಿತ್ತು. ಹುಸೇನಮ್ಮನಿಗೆ ಬೇಕಾದದ್ದು ಬಂಗಲೆಯಲ್ಲ, ಕಾರಲ್ಲ. ಮಧ್ಯಾಹ್ನ ಒಂದು ರೊಟ್ಟಿ ತಿಂದು ಮುಗಿಸುವಷ್ಟು ಹೊತ್ತು ತಾನು ಹಾಕಿದ ಹುಲ್ಲಿನ ಮೇಲೆ, ಆ ಹೊಂಗೆಯ ನೆರಳಲ್ಲಿ, ಯಾರೂ ‘ಏಳು’ ಅನ್ನದಂತೆ ಕೂರಬೇಕು. ಅಷ್ಟೇ ಆಸೆ. ಅದೇ ದೊಡ್ಡ ಆಸೆಯಾಗಿ ಕೂತಿತ್ತು.

ಮರುದಿನ ಅವಳು ಮೇಡಂ ಮನೆಯ ಗೇಟಿಗೆ ರಜೆ ಕೇಳಲು ಹೋದಳು. ಹೊಸ ವರ್ಷದ ಮೊದಲ ಭಾನುವಾರ ಎಳ್ಳಮಾವಾಸ್ಯೆ ಬಿದ್ದಿತ್ತು. ಅವಳ ಸೀಮೆಯಲ್ಲಿ ಆ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೂಟ ಎರಚಿ ಬರುತ್ತದೆ. ಚರಗ ಚೆಲ್ಲುವುದು ಅಂತ ಅದಕ್ಕೆ ಹೆಸರು.

“ಸಂಡೇ ಯಾರಿಗೂ ರಜೆ ಇಲ್ಲ,” ಅಂದರು ಮೇಡಂ. “ಅವತ್ತೇ ನಮ್ಮ ನೇಚರ್ ಡೇ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯೋದು, ಗಿಡ ನೆಡೋದು ಎಲ್ಲಾ ಇದೆ. ದೊಡ್ಡ ಆಫೀಸರ್ ಬರ್ತಾರೆ. ನೀವು ಸಾಟರ್ಡೇನೇ ಗುಂಡಿ ತೋಡಿಡಿ. ಸಂಡೇ ಪಂಪ್ ರೂಮ್ ಹಿಂದೆ ಇರಿ, ಕರೆದ್ರೆ ಬನ್ನಿ. ಫೋಟೋದಲ್ಲಿ ಬರ್ಬೇಡಿ.” ಆಮೇಲೆ ಕಣ್ಣು ಕಿರಿದು ಮಾಡಿದರು. “ಅಲ್ಲಾ, ಹೆಸರು ಹುಸೇನಮ್ಮ ಅಂತೀಯ, ಹಣೆಗೆ ಕುಂಕುಮ ಇಟ್ಕೊಂಡಿದೀಯ. ನೀವು ಆಕ್ಚುಲಿ ಯಾರು?”

“ನಮ್ಮವ್ವ ಮೊಹರಮ್ಮಿನಾಗ ದೇವರಿಗಿ ಹರಕಿ ಹೊತ್ತು ನನ್ನ ಹಡದಾಳ್ರಿ, ಅದಕ್ಕ ಆ ಹೆಸರು. ನಾವು ಹೊಲಗೇರಿಯವ್ರು. ಈಗ ತಿಳೀತಿಲ್ರಿ, ಯಾವ ಲೋಟದಾಗ ಚಾ ಕೊಡಬೇಕಂತ?”

ಮೇಡಂ ಮುಖ ಕೆಂಪಗಾಯಿತು. ಚಹಾ ಯಾವ ಲೋಟದಲ್ಲೂ ಬರಲಿಲ್ಲ.

ರಜೆ ಇಲ್ಲದಿದ್ದರೇನು, ಹಬ್ಬ ಬಿಡುವುದುಂಟೆ? ಪಂಪ್ ರೂಮಿನ ಹಿಂದೆಯೇ ಎರಡು ತುತ್ತು ಚೆಲ್ಲಿದರಾಯಿತು ಎಂದು ಅವಳೂ ಗಂಗಾಳೂ ಅಂದುಕೊಂಡರು. ವೆಂಕಟಮ್ಮ ಸೊಪ್ಪು, ಹಸಿ ಅವರೆಕಾಳು ಕೊಟ್ಟಳು. ಭಾನುವಾರ ನಸುಕಿಗೇ ಎದ್ದು ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಕಾಳು ಸೊಪ್ಪು ಎಲ್ಲ ಸೇರಿಸಿ ಕುದಿಸಿದ ಭಜ್ಜಿ ಮಾಡಿದರು. ಗಂಗಾ ಒಂದು ಕೊಡ ಅಂಬಲಿ ಹೊತ್ತು ತಂದಳು. ಗೇಟಿನ ಕಾವಲುಗಾರ ಕಿರಣಕುಮಾರ ಆಳಂದದ ಹುಡುಗ. ಬುತ್ತಿಯ ವಾಸನೆ ಮೂಗಿಗೆ ಬಡಿದದ್ದೇ, ಅವನು ಲಾಠಿ ಬಗಲಿಗೆ ಇರುಕಿ ಆಕಾಶ ನೋಡುತ್ತ ಅವರನ್ನು ಒಳಗೆ ಬಿಟ್ಟ.

ಸಮಾರಂಭ ಶುರುವಾಯಿತು. ಸಂಘದವರೆಲ್ಲ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಬೂಟು ಬಿಚ್ಚಿ, ಹುಲ್ಲಿನ ಮೇಲೆ ದುಂಡಗೆ ನಿಂತಿದ್ದರು. ಪಕ್ಕಕ್ಕಿಟ್ಟಿದ್ದ ಬೋರ್ಡನ್ನು ಹೂವಿನ ಹಾರದಿಂದ ಮುಚ್ಚಿದ್ದರು. ನಡುವೆ ನರೇಶ್ ಎಂಬ ಉದ್ದ ಕೂದಲಿನವನು. ಪ್ರಕೃತಿಯನ್ನು ಪರಿಚಯ ಮಾಡಿಸುವುದೇ ಅವನ ಉದ್ಯೋಗವಂತೆ.

“ಶೂಸ್ ಬಿಟ್ಟಿದೀರ, ಈಗ ಈಗೋ ಬಿಡಿ,” ಅಂದ ನರೇಶ್ ಮೈಕಿನಲ್ಲಿ. “ಕಣ್ಣು ಮುಚ್ಚಿ. ಹುಲ್ಲಿಗೆ ಥ್ಯಾಂಕ್ಸ್ ಹೇಳಿ. ಇದು ನಿಮ್ದೇ ಹುಲ್ಲು, ನಿಮ್ದೇ ಮಣ್ಣು.”

ಪಂಪ್ ರೂಮಿನ ಹಿಂದಿನ ಕೆಸರಿನಲ್ಲಿ ನಿಂತಿದ್ದ ಹುಸೇನಮ್ಮನಿಗೆ ಆ ಮಾತು ಕೇಳಿಸಿತು. ಕೈಯಲ್ಲಿ ಚರಗದ ಬುಟ್ಟಿಯಿತ್ತು. ಹುಡುಗಿಯಾಗಿದ್ದಾಗ ಅವಳು ಧಣಿಯ ಹೊಲದ ಬದುವಿನ ಮೇಲೆ ಹೀಗೇ ನಿಲ್ಲುತ್ತಿದ್ದಳು. ಹೊಲ ಉತ್ತವರು, ಬಿತ್ತಿದವರು, ಕಳೆ ತೆಗೆದವರು ಎಲ್ಲ ಬದುವಿನ ಮೇಲೆ. ಚರಗ ಚೆಲ್ಲುವವರು ಮಾತ್ರ ಧಣಿಯ ಮನೆಯವರು. ಅವರು ಉಂಡು ಮಿಕ್ಕಿದ್ದಕ್ಕೆ ಅವ್ವ ಸೆರಗೊಡ್ಡುತ್ತಿದ್ದಳು. “ದೂರ ನಿಂದ್ರಿ, ನೆರಳು ಬೀಳ್ತದ,” ಅನ್ನುತ್ತಿದ್ದ ಧಣಿಯ ತಮ್ಮ. ಒಮ್ಮೆಯಾದರೂ ತನ್ನ ಕೈಯಿಂದ ಚರಗ ಚೆಲ್ಲಬೇಕೆಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ಅಲ್ಲಿ ಬದು, ಇಲ್ಲಿ ಪಂಪ್ ರೂಮು. ಹುಸೇನಮ್ಮ ಬುಟ್ಟಿಯನ್ನು ಕಂಕುಳಿಗೆ ಏರಿಸಿದಳು.

“ಏ ಗಂಗಾ, ಕೊಡ ಎತ್ತು.”

“ಯಾಕ? ಎಲ್ಲಿಗಿ?”

“ಹೊಲಕ್ಕ.”

“ಹುಚ್ಚಿ, ಕೆಲಸ ಹೋಗ್ತದ!”

“ಕೆಲಸದ ಮನಿ ಹಾಳಾಗ್ಲಿ. ಅವ್ರ ಕಣ್ಣು ಮುಚ್ಯಾವ, ಬಾ.”

ಅತ್ತ ನರೇಶ್ ದನಿ ತಗ್ಗಿಸಿದ್ದ. “ಕಿವಿಗೊಟ್ಟು ಕೇಳಿ. ಭೂಮಿತಾಯಿ ನಿಮ್ಮ ಹತ್ರ ಏನೋ ಹೇಳ್ತಿದಾಳೆ...”

“ಹುಲ್ಲುಲ್ಲಿಗೋ...!”

ಭೂಮಿತಾಯಿಗೆ ಇಷ್ಟು ದೊಡ್ಡ ಗಂಟಲಿದೆಯೆಂದು ಯಾರೂ ಎಣಿಸಿರಲಿಲ್ಲ. ಒಬ್ಬರು ಹೆದರಿ ಕೂತೇಬಿಟ್ಟರು. ಕಣ್ಣು ಬಿಟ್ಟರೆ ಹುಸೇನಮ್ಮ ಹುಲ್ಲಿನ ನಡುವೆ, ಕಾಲಿಗೆ ಕೆಸರು, ಕಂಕುಳಲ್ಲಿ ಬುಟ್ಟಿ, ಹಿಡಿ ಹಿಡಿ ಚರಗ ಎರಚುತ್ತ ನಡೆದಿದ್ದಾಳೆ. ಹಿಂದೆ ಗಂಗಾ ಅಂಬಲಿ ಚಿಮುಕಿಸುತ್ತ, “ಚಲ್ಲಂಬರಿಗೋ!” ಎಂದು ಚರಗದ ಕೂಗಿನ ಇನ್ನರ್ಧ ಮುಗಿಸುತ್ತಿದ್ದಾಳೆ. ಗೇಟಿನಿಂದ ವೆಂಕಟಮ್ಮನೂ ಸೊಪ್ಪಿನ ಬುಟ್ಟಿ ಸಮೇತ ಒಳಗೆ ಬಂದು, ಗೊತ್ತಿಲ್ಲದಿದ್ದರೂ ಬಾಯಿಗೆ ಬಂದ ಹಾಗೆ ಕೂಗಿದಳು.

ರಾಜೇಶ್ವರಿ ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಒಂದು ಚಪ್ಪಾಳೆ ಬಿತ್ತು. ಇನ್ನೊಂದು ಬಿತ್ತು. “ವಾವ್, ಸೋ ಅಥೆಂಟಿಕ್!” ಎಂದು ಯಾರೋ ವೀಡಿಯೊ ಶುರು ಮಾಡಿದರು. ನರೇಶ್ ಅರೆಗಳಿಗೆ ತಬ್ಬಿಬ್ಬಾದ, ಆಮೇಲೆ ಮೈಕು ಬಾಯಿಗಿಟ್ಟು, “ಇದೇ ನಮ್ಮ ಸರ್ಪ್ರೈಸ್!” ಎಂದುಬಿಟ್ಟ. ಮೇಡಂ ತೆರೆದ ಬಾಯನ್ನು ನಗುವಾಗಿ ಹಿಗ್ಗಿಸಬೇಕಾಯಿತು.

“ಅರೆ, ಎಳ್ಳಮಾವಾಸಿ ಅಲ್ಲೇನು ಇವತ್ತ!” ಎಂದು ಮುಖ್ಯ ಅತಿಥಿ ಸಾಹೇಬರು ಕುರ್ಚಿಯಿಂದ ಜಿಗಿದೆದ್ದರು. ಅವರು ಕಲಬುರಗಿ ಕಡೆಯವರೆಂದು ಯಾರಿಗೂ ಗೊತ್ತಿರಲಿಲ್ಲ. “ಮೇಡಂ, ನೀವು ಇಷ್ಟು ಮುತುವರ್ಜಿ ವಹಿಸಿ ನಮ್ಮ ಹಬ್ಬ ಇಟ್ಟೀರಿ! ಕೊಡ ತಗೊಳ್ರಿ, ಮನಿ ಯಜಮಾನಿ ಹಿಂದ ಬರಬೇಕು.”

ಕೊಡ ಗಂಗಾಳ ಕೈಯಿಂದ ಮೇಡಂ ಸೊಂಟಕ್ಕೆ ದಾಟಿತು. ಮುಂದೆ ಹುಸೇನಮ್ಮ, ಹಿಂದೆ ಬರಿಗಾಲಿನ ರಾಜೇಶ್ವರಿ ಮೇಡಂ. ಹುಸೇನಮ್ಮ ಬೇಕೆಂದೇ ಇನ್ನೊಂದು ಸುತ್ತು ಹೆಚ್ಚು ಹಾಕಿದಳು. ಅಂಬಲಿ ಮೇಡಂ ಸೀರೆಯ ಮೇಲೆ ಧಾರಾಳವಾಗಿ ಚೆಲ್ಲಿತು. “ಗಟ್ಟಿಯಾಗಿ ಕೂಗ್ರಿ, ತಾಯಿಗಿ ಕೇಳಬೇಕಲ್ರಿ,” ಎಂದು ಹುಸೇನಮ್ಮ ತಿರುಗಿ ನೋಡಿ ಹೇಳಿದಳು. ಮೇಡಂ ಕೂಗಿದರು.

ಹೊಲದ ಮರದ ಬುಡಕ್ಕೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುವುದು ಪದ್ಧತಿ. ಇಲ್ಲಿಗೆ ಹೊಂಗೆಯೇ ಆಯಿತು. ದಾರಿಯಂಚಿನ ಕಲ್ಲುಗಳಿಗೆ ಹುಸೇನಮ್ಮನೇ ಶನಿವಾರ ಸುಣ್ಣ ಹೊಡೆದಿದ್ದರಿಂದ ಪಾಂಡವರು ತಯಾರಾಗೇ ಇದ್ದರು. ಊಟಕ್ಕೆ ಎಲ್ಲರೂ ಹುಲ್ಲಿನ ಮೇಲೆ ಕೂತರು. ಸಾಹೇಬರು ಮೂರನೆಯ ಕಡುಬಿಗೆ ಕೈ ಹಾಕಿ ಕಣ್ಣು ಒದ್ದೆ ಮಾಡಿಕೊಂಡರು.

“ನಮ್ಮ ಹೊಲದ ಚರಗ ಅಂದ್ರ ಏನು ವೈಭವ ಅಂತೀರಿ! ಬದುವಿನ ಮ್ಯಾಲ ನೂರು ಮಂದಿ ಕಾಯ್ಕೊಂತ ನಿಂದಿರ್ತಿದ್ರು.”

“ಆ ನೂರು ಮಂದ್ಯಾಗ ನಮ್ಮಂಥಾಕಿ ಒಬ್ಬಾಕಿ ಇದ್ದಿರಬೇಕ್ರಿ,” ಎಂದಳು ಹುಸೇನಮ್ಮ. ಸಾಹೇಬರು ನಕ್ಕರು. ಅವಳು ನಗಲಿಲ್ಲ. ರೊಟ್ಟಿ ಬಡಿಸುತ್ತ ಮೆಲ್ಲಗೆ ಅಂದಳು: “ಆದ್ರ ಸಾಹೇಬ್ರ, ಒಂದು ಮಾತು ಮರತ್ರಿ. ಚರಗ ಚೆಲ್ಲಿದ ನೆಲದಾಗ ದುಡದವ್ರು ಕುಂತು ಉಂಡ್ರ ವರ್ಷ ತನಕ ಯಾರೂ ಏಳು ಅನ್ನಂಗಿಲ್ಲ. ಅಂದ್ರ ಅಂದವ್ರ ಮನಿಗಿ ಒಳ್ಳೇದಲ್ಲ. ಹಿರೇರ ಕಾಲದ ಪದ್ಧತಿ.”

ಅಂಥ ಪದ್ಧತಿ ಯಾವ ಸೀಮೆಯಲ್ಲೂ ಇರಲಿಲ್ಲ. ಅದು ಆ ಗಳಿಗೆಯಲ್ಲಿ ಅವಳ ನಾಲಿಗೆಯ ಮೇಲೆ ಹುಟ್ಟಿದ್ದು. ಆದರೆ ಬದುವಿನ ಮೇಲೆ ನಿಂತವರ ಪದ್ಧತಿ ಹೊಲದ ನಡುವೆ ಉಂಡವರಿಗೆ ಹೇಗೆ ಗೊತ್ತಿರಬೇಕು? ಸಾಹೇಬರು ಗಂಭೀರವಾಗಿ ತಲೆದೂಗಿದರು. “ಹೌದ್ಹೌದು, ಅದ ಅದ. ನಮ್ಮ ಮುತ್ಯಾನೂ ಅಂತಿದ್ದ. ಮೇಡಂ, ಸಂಪ್ರದಾಯ ಮುರೀಬ್ಯಾಡ್ರಿ.”

ಮೇಡಂ ಮುಗುಳ್ನಕ್ಕರು. ಆ ನಗು ನೋಡಿಯೇ ಗಂಗಾ ಖಾಲಿ ಕೊಡ, ಬುಟ್ಟಿ ಬೇಗ ಬೇಗ ಎತ್ತಿಡತೊಡಗಿದಳು.

ಸೋಮವಾರ ಏನೂ ಆಗಲಿಲ್ಲ. ಇಬ್ಬರೂ ಹೊಂಗೆಯಡಿ ಕೂತು ಉಂಡರು. ಹುಸೇನಮ್ಮ ಊಟವಾದ ಮೇಲೂ ಸುಮ್ಮನೆ ಒಂದಿಷ್ಟು ಹೊತ್ತು ಅಂಗೈಯಿಂದ ಹುಲ್ಲು ಸವರುತ್ತ ಕೂತಿದ್ದಳು. ಇಷ್ಟು ಮೆತ್ತಗಿದೆಯೆಂದು ಹಾಕಿದವಳಿಗೇ ಗೊತ್ತಿರಲಿಲ್ಲ.

ಮಂಗಳವಾರ ಬೋರ್ಡು ವಾಪಸು ಬಂತು. ಹಳೆಯದಲ್ಲ, ಬಾಗಿಲಿನಷ್ಟು ದೊಡ್ಡ ಹೊಸ ತಗಡು. ಸರಿಯಾಗಿ ಹೊಂಗೆಯ ನೆರಳಲ್ಲೇ ನೆಟ್ಟಿದ್ದರು. ಬುಡದ ಸಿಮೆಂಟು ಇನ್ನೂ ಹಸಿಯಿತ್ತು. ಐವರು ಪಾಂಡವರು ಮತ್ತೆ ದಾರಿಯಂಚಿಗೆ ಹೋಗಿದ್ದರು. ಮಧ್ಯಾಹ್ನ ಇಬ್ಬರೂ ಬೋರ್ಡಿನ ಪಕ್ಕದಲ್ಲೇ ಊಟಕ್ಕೆ ಕೂತರು.

“ಸಂಡೇದು ಈವೆಂಟು. ಇವತ್ತಿಂದ ರೂಲ್ಸು,” ಅಂದರು ರಾಜೇಶ್ವರಿ ಮೇಡಂ. “ನನ್ ಸೊಂಟಕ್ಕೆ ಕೊಡ ಹೊರಿಸ್ತೀಯಾ ಭಿಕಾರಿ? ತಿಂಗಳು ಮುಗಿಸಿ ಜಾಗ ಖಾಲಿ ಮಾಡು. ಲೇಬರ್‌ಗೆ ಬರಗಾಲ ಬಂದಿಲ್ಲ ಈ ಊರಲ್ಲಿ. ಈಗ ಏಳು, ಊಟ ಆಚೆ.”

ಹುಸೇನಮ್ಮ ಎದ್ದಳು. ಅವಳಿಗೆ ಕೆಲಸದ ಭಯ ಇರಲಿಲ್ಲವೆಂದಲ್ಲ. ಶಿವಪುತ್ರನಿಗೆ ಏನು ಹೇಳುವುದೆಂಬ ಚಿಂತೆ ಎದೆಯೊಳಗೆ ಕಲ್ಲಾಗಿ ಕೂತಿತ್ತು. ಆದರೂ ಕಾಲು ಗೇಟಿನ ಕಡೆ ಹೋಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ಮರಕ್ಕೆ ಒರಗಿಸಿದ್ದ ಹಾರೆಯಿಂದ ಹಸಿ ಸಿಮೆಂಟನ್ನು ಒಮ್ಮೆ ಮೀಟಿದಳು. ಗಂಗಾ ತಗಡಿನ ಒಂದು ಕಾಲು ಹಿಡಿದಳು, ಇವಳು ಇನ್ನೊಂದು. ಬೋರ್ಡು ಕಳೆ ಗಿಡದಂತೆ ಸಲೀಸಾಗಿ ಬುಡಸಮೇತ ಬಂತು. ಅದನ್ನು ನೆರಳಲ್ಲಿ ಅಂಗಾತ ಮಲಗಿಸಿ, ಅಕ್ಷರಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಹುಸೇನಮ್ಮ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಏನ್ ಮಾಡ್ತಿದೀಯಾ? ಏಳೇ! ಹುಲ್ಲಿನ ಮೇಲೆ ಕೂರ್ಬಾರ್ದು ಅಂತ ಹೇಳಿಲ್ವಾ?”

“ಹುಲ್ಲಿನ ಮ್ಯಾಲ ಎಲ್ಲಿ ಕುಂತೀನ್ರಿ ಮೇಡಮ್ಮಾರೆ? ನಿಮ್ಮ ಬೋರ್ಡಿನ ಮ್ಯಾಲ ಕುಂತೀನಿ. ಇದರ ಮ್ಯಾಲ ಕುಂದ್ರಬಾರದಂತ ಎಲ್ಲಿ ಬರದೀರಿ, ತೋರಸ್ರಿ.”

ಗಂಗಾ ಕೂತಳು. ಕಂಬಿಯಾಚೆಯಿಂದ ನೋಡುತ್ತಿದ್ದ ವೆಂಕಟಮ್ಮ, “ತಡೀರಮ್ಮಿ, ನಂಗೂ ಒಸಿ ಜಾಗ ಬುಡಿ,” ಎನ್ನುತ್ತ ಬಂದು, ‘ಪ್ರಕೃತಿಯನ್ನು ಪ್ರೀತಿಸಿ’ ಎಂಬಲ್ಲಿ ಕುಂಡೆಯೂರಿದಳು.

“ಕಿರಣ್! ಕಿರಣ್! ಲಾಠಿ ತಗೊಂಡ್ ಬಾ! ಎಬ್ಬಿಸು ಇವ್ರನ್ನ!”

ಕಿರಣಕುಮಾರ ಬಂದ. ಲಾಠಿ ಕೈಯಲ್ಲಿತ್ತು. ಮೇಡಂ ಮುಖ ನೋಡಿದ, ಬೋರ್ಡಿನ ಮೇಲೆ ಕೂತ ಮೂವರನ್ನು ನೋಡಿದ. ಹುಸೇನಮ್ಮ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಹಾಕಿ, ತುಸು ಅತ್ತ ಸರಿದು ತಗಡಿನ ಮೇಲೆ ಒಬ್ಬರ ಜಾಗ ಮಾಡಿದಳು.

“ಹೊಡಿಯೂದಿದ್ರ ಉಂಡು ಹೊಡಿ ತಮ್ಮಾ,” ಎಂದಳು. “ರೊಟ್ಟಿ ಆರ್ತದ.”